ಇನ್ನೊಂದು ಕೊರೆತ

ಕುಮಾಸಿಯ ಗ್ಯಾರೇಜು ಬೀದಿಯಲ್ಲಿ
ನನ್ನ ಟ್ಯಾಕ್ಸಿ ಬಾಯಿ ತೆರೆದು ನಿಂತು ಇಂದಿಗೆ ಒಂಬತ್ತು ದಿನ.
ಎಂಜಿನ್ ಇದ್ದ ಜಾಗದಲ್ಲಿ ಈಗ ಒಂದು ಕೋಳಿ,
ಕಾವಿಗೆ ಕೂತ ಹಾಗೆ.
ಓಡಿಸುವ ಮನಸ್ಸು ಯಾರಿಗೂ ಇಲ್ಲ.

ಟಕ ಟಕ ಶುರುವಾದದ್ದು ಮಾಂಪಾಂಗ್ ಏರಿನಲ್ಲಿ.
ಹಿಂದಿನ ಸೀಟಿನಲ್ಲಿ ಮೂವರು ಹೆಂಗಸರು, ಡಿಕ್ಕಿಯಲ್ಲಿ ಗೆಣಸಿನ ಮೂಟೆ.
ನಾನು ರೇಡಿಯೋ ಜೋರು ಮಾಡಿದೆ.
ತಪ್ಪು ನನ್ನದೇ.
ಎಣ್ಣೆಯ ದೀಪ ಕೆಂಪಗೆ ಹತ್ತಿದಾಗಲೂ
ಏರು ಮುಗಿಯಲಿ, ಆಮೇಲೆ ನೋಡೋಣ ಅಂದುಕೊಂಡೆ.
ಏರು ಮುಗಿಯುವ ಮೊದಲು ಅದು ಮುಗಿಯಿತು.

ಆಜೆಮಾಂಗ್ ಮೇಸ್ತ್ರಿ ಎಲ್ಲ ಬಿಚ್ಚಿ ಗೋಣಿಯ ಮೇಲೆ ಹರವಿದ.
ಬೇರಿಂಗಿನ ಚೂರುಗಳನ್ನು ನನ್ನ ಅಂಗೈಗೆ ಹಾಕಿದ,
ಚಿಲ್ಲರೆ ವಾಪಸು ಕೊಡುವವನ ಹಾಗೆ.
"ಇದನ್ನೇ ಕೊರೆಸಿ ಕಟ್ಟಬಹುದು,
ಇಲ್ಲಾ ಇನ್ನೊಂದನ್ನು ತಂದು ಕೂರಿಸಬಹುದು.
ಸಾಲ ಮಾತ್ರ ಎರಡಕ್ಕೂ ಬೇಕು."

ಒಫೋರಿವಾ ಅಮ್ಮನ ಅಂಗಳದಲ್ಲಿ ಎಂಜಿನ್ನುಗಳು
ಹಡಗಿನಿಂದಿಳಿದು ಸಾಲಾಗಿ ಕೂತಿವೆ.
ಒಂದರ ಸಂದಿಯಲ್ಲಿ ಒಣಗಿದ ಎಲೆ,
ಇಲ್ಲಿನ ಯಾವ ಮರದ್ದೂ ಅಲ್ಲ.
ಹಳೇ ಟೈರಿನ ಮೇಲಿಟ್ಟು, ಬಾಟಲಿಯಲ್ಲಿ ಪೆಟ್ರೋಲು ತೂಗುಹಾಕಿ,
ಎರಡು ವೈರು ಮುಟ್ಟಿಸಿದಳು.
ಕರೆಯುವ ಮೊದಲೇ ಓಗೊಟ್ಟಿತು.

ಇದಿದ್ದ ಕಾರಿಗೆ ಏನಾಯಿತು ಎಂದೆ.
"ಹ್ಯಾಂಬರ್ಗಿನಲ್ಲಿ ಹಿಂದಿನಿಂದ ಯಾರೋ ಗುದ್ದಿದ್ದು.
ಎಂಜಿನ್ನಿಗೆ ಗೀರೂ ಬಿದ್ದಿಲ್ಲ."
ನಾನು ಕೇಳಿದ್ದು ಎಂಜಿನ್ನಿನ ಬಗ್ಗೆ ಅಲ್ಲ.
ಅವಳಿಗದು ಗೊತ್ತು. ಬೆಲೆ ಹೇಳಿದಳು.
ನನ್ನ ಮುಖ ನೋಡಿ ನಕ್ಕಳು:
"ಇಪ್ಪತ್ತು ವರ್ಷ ಕೆಮ್ಮಿದ ಗಂಡನಿಗೆ
ಮತ್ತೆ ಮದುವೆಯ ಕೋಟು ಹೊಲಿಸುತ್ತೀಯಾ?"

ಹೊಲಿಸಬೇಕು ಅಂತಲೇ ನನ್ನ ಆಸೆ.
ಆ ನಂಬರು ನನಗೆ ಬಾಯಿಪಾಠ,
ಕಬ್ಬಿಣಕ್ಕೆ ಕುಟ್ಟಿದ ಏಳು ಅಂಕಿ; ಕಾಗದದಲ್ಲೂ ಅದೇ ಇದೆ.
ಬ್ಲಾಕನ್ನು ಕೈಗಾಡಿಗೆ ಹಾಕಿ
ಲೇತಿನ ಬೊವಾದು ಹತ್ತಿರ ತಳ್ಳಿಸಿಕೊಂಡು ಹೋದೆ.

ಬೊವಾದು ಪಿಸ್ಟನ್ನಿನ ತಲೆ ಒರೆಸಿ ಓದಿದ.
ಮೊದಲ ಸಲ ಅರ್ಧ ಮಿಲಿಮೀಟರು:
ಅದು ಮಗಳು ಎಸಿ ಹುಟ್ಟಿದ ವರ್ಷ.
ಆಮೇಲೆ ಮುಕ್ಕಾಲು: ತಮ್ಮ ಒಪೊಕು ದುಡ್ಡು ಕೊಟ್ಟಿದ್ದ,
ಇನ್ನೂ ವಾಪಸು ಕೇಳಿಲ್ಲ, ಅದೇ ಹಿಂಸೆ.
ಒಳಗೆ ಅಳತೆಯ ಕಡ್ಡಿ ಇಳಿಸಿ ಮೂರು ಕಡೆ ತಿರುಗಿಸಿದ.
"ನೋಡು, ಸವೆದದ್ದನ್ನು ದುಂಡಗೆ ಮಾಡಲು
ಇನ್ನಷ್ಟು ಸವೆಸಬೇಕು. ನನ್ನ ಕಸುಬೇ ಅಷ್ಟು.
ಒಂದು ಮಿಲಿಮೀಟರಿನವರೆಗೆ ಪಿಸ್ಟನ್ ಸಿಗುತ್ತದೆ.
ಅದರಾಚೆಗೆ ಸಿಗುವುದಿಲ್ಲ."

ಹಾಗಾದರೆ ಇನ್ನೊಂದು ಸಲ ಆಗುತ್ತದಲ್ಲ, ಅಂದೆ.

ಅವನು ಸುತ್ತಿಗೆಯ ಹಿಡಿಯಿಂದ ಗೋಡೆಗೆ ತಟ್ಟಿದ,
ಮೊದಲು ಒಂದನೆಯದಕ್ಕೆ, ಆಮೇಲೆ ಮೂರನೆಯದಕ್ಕೆ.
ನನಗೆ ವ್ಯತ್ಯಾಸ ಕೇಳಿಸಲಿಲ್ಲ. ಮತ್ತೆ ತಟ್ಟಿದ.
ಕೇಳಿಸಿತು.
"ನೀರಿನ ಕಡೆಯಿಂದ ತುಕ್ಕು ತಿಂದಿದೆ.
ಕೊರೆದರೆ ನನಗೆ ಈ ವಾರದ ಊಟ,
ನಿನಗೆ ಕ್ರಿಸ್‌ಮಸ್ಸಿನವರೆಗೆ ಗಾಡಿ.
ಆಮೇಲೆ ಅದೇ ಏರಿನಲ್ಲಿ ಸೀಳುತ್ತದೆ.
ಹೇಳು, ಯಂತ್ರ ಆನ್ ಮಾಡಲೇ?"
ಸ್ವಿಚ್ಚಿನ ಮೇಲೆ ಬೆರಳು ಇಟ್ಟೇ ಇದ್ದ.
ಹೊರಗೆ ಯಾರೋ ಹಾರ್ನ್ ಮಾಡುತ್ತಿದ್ದರು,
ನನ್ನ ಕೈಗಾಡಿ ದಾರಿಗೆ ಅಡ್ಡವಿತ್ತು.

ಕಬ್ಬಿಣ ಎರಕದವರಿಗೆ ಹೋಯಿತು, ತೂಕದ ಲೆಕ್ಕದಲ್ಲಿ.
ಜೋಳದ ಗಿರಣಿಯ ಬಿಲ್ಲೆ ಮಾಡುತ್ತಾರಂತೆ.
ನಮ್ಮ ಬೀದಿಯ ಹಿಟ್ಟಿನಲ್ಲೇ ಒಂದು ದಿನ
ಅದರ ಚೂರು ಪುಡಿ ನನ್ನ ಹಲ್ಲಿಗೆ ಸಿಗಬಹುದು.

ಹ್ಯಾಂಬರ್ಗಿನದು ಚೆನ್ನಾಗಿದೆ. ಬಹಳ ಚೆನ್ನಾಗಿದೆ.
ಸಿಗ್ನಲಿನಲ್ಲಿ ನಿಂತರೆ ಪ್ರಯಾಣಿಕರು
ಗಾಡಿ ಆಫ್ ಆಯಿತಾ ಎಂದು ಕೇಳುತ್ತಾರೆ.

ರಾತ್ರಿ ಮನೆ ಮುಂದೆ ಬಂದು ನಿಂತೆ.
ಹಳೆಯದು ತಿರುವಿನಲ್ಲಿ ಕೆಮ್ಮಿದರೆ ಸಾಕು,
ಎಸಿ ಬಂದು ಗೇಟು ತೆಗೆಯುತ್ತಿದ್ದಳು.
ಒಳಗೆ ದೀಪವಿತ್ತು. ಅವಳು ಬರಲಿಲ್ಲ.
ಸ್ವಲ್ಪ ಹೊತ್ತು ಕಾದೆ, ಎಂಜಿನ್ ಓಡುತ್ತಲೇ ಇತ್ತು.
ಆಮೇಲೆ, ಬೇರೆಯವರ ಮನೆಗೆ ಬಂದವನ ಹಾಗೆ,
ಒಂದೇ ಒಂದು ಸಲ, ಸಣ್ಣಗೆ,
ಹಾರ್ನ್ ಒತ್ತಿದೆ.