ನಡಾವಳಿ

ಚಿಲಿಯ ತೀರ, ಶಾಲೆಯ ಹಾಲಿನಲ್ಲಿ ಸಭೆ.
ಬಲೆ ಹರಿದ ಬ್ಯಾಸ್ಕೆಟ್‌ಬಾಲ್ ಬಳೆಯ ಕೆಳಗೆ ಮೇಜು.
(ಬಲೆ ಹೊಲಿಯುವವರ ಊರಿನಲ್ಲಿ ಅದೊಂದನ್ನು ಯಾರೂ ಹೊಲಿದಿಲ್ಲ.)
ಮೇಜಿನ ಮೇಲೆ ಸಾಹೇಬರ ಗಡಿಯಾರ.
ಒಬ್ಬೊಬ್ಬರಿಗೆ ಮೂರು ನಿಮಿಷ.
ಬರೆದುಕೊಳ್ಳುವುದು ನನ್ನ ಕೆಲಸ,
ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ.

ನೊಲ್ಬೆರ್ತೊ ಎದ್ದ.
ನಲವತ್ತು ವರ್ಷ ಕಡಲ ತಳಕ್ಕಿಳಿದು ಚಿಪ್ಪು ಕಿತ್ತವನು,
ಉಸಿರು ಹಿಡಿದದ್ದೇ ಸಂಪಾದನೆ.
ಮೂರು ನಿಮಿಷದಲ್ಲಿ ಎರಡನ್ನು ಕೆಮ್ಮಿದ.
ಬರೆದೆ: 'ಆರೋಗ್ಯದ ಬಗ್ಗೆ ಪ್ರಸ್ತಾಪಿಸಿದರು.'

ಯೂದಿತ್ ಚೀಲದಿಂದ ಜಾಮ್ ಬಾಟಲಿ ತೆಗೆದಿಟ್ಟಳು,
ಒಂದರ ಪಕ್ಕ ಒಂದು, ಹನ್ನೊಂದು.
ಕಿಟಕಿಯ ದಂಡೆಯಿಂದ ಗುಡಿಸಿದ ಕಪ್ಪು ಪುಡಿ, ತಿಂಗಳಿಗೊಂದು.
ಜುಲೈ ಇಲ್ಲ.
'ಆ ಚಳಿಗೆ ಮಗುವಿನ ಜೊತೆ ಆಸ್ಪತ್ರೆಯಲ್ಲಿದ್ದೆ, ಗುಡಿಸಲಾಗಲಿಲ್ಲ'
ಅಂದಳು, ತಪ್ಪು ಮಾಡಿದವಳ ಹಾಗೆ.

ಸಾಹೇಬರು ಕೆಟ್ಟವರಲ್ಲ. ಪರದೆಯ ಮೇಲೆ ನೀಲಿ ಗೆರೆ ತೋರಿಸಿದರು.
ಕೆಂಪು ಗೆರೆಯ ಕೆಳಗೆ ಅದು ಮಲಗಿತ್ತು
ಸಾಕಿದ ನಾಯಿಯ ಹಾಗೆ.
'ಎಲ್ಲವೂ ಮಿತಿಯೊಳಗಿದೆ.'
ಯಾರ ಮಿತಿ? ಎಂದಿತು ಹಿಂದಿನ ಬೆಂಚು.
ಅಳೆಯುವ ಯಂತ್ರ ಇರುವುದು ಗುಡ್ಡದ ಆಚೆ ಮಗ್ಗುಲಲ್ಲಿ,
ಗಾಳಿಯೂ ದಾರಿ ಕೇಳಿ ಹೋಗಬೇಕಾದ ಕಡೆ.

ಅದೇ ಬೆಂಚಿನ ತುದಿಗೆ ನನ್ನ ಗಂಡ ಒಸ್ವಾಲ್ಡೊ,
ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲ ಪಟ್ಟೆಗೆ ಎಣ್ಣೆ ಹಾಕುವವನು.
ಸರದಿ ಬಂದಾಗ ಬೂಟಿನ ದಾರ ಬಿಚ್ಚಿ ಕಟ್ಟುತ್ತ ಕೂತ.
ಅದನ್ನು ಬರೆಯಲಿಲ್ಲ.
ನಮ್ಮ ರೊಟ್ಟಿ ಆ ಎಣ್ಣೆಯದೇ.

ಅಷ್ಟರಲ್ಲಿ ಗಾಳಿ ತಿರುಗಿತು.
ನಮಗೆ ತಿಳಿಯಲೇ ಇಲ್ಲ, ನಮ್ಮ ಮೂಗಿಗೆ ಅದು ಬಂದು ಉಳಿದುಬಿಟ್ಟ ನೆಂಟ.
ಸಾಹೇಬರ ಮುಖ ಕಿವುಚಿತು. ಕರವಸ್ತ್ರ ತೆಗೆದು,
ತುಸು ನಾಚಿಕೊಂಡೇ,
'ಯಾರಾದರೂ ಆ ಕಿಟಕಿ ಮುಚ್ಚುತ್ತೀರಾ?'

ಯಾರೂ ಅಲುಗಲಿಲ್ಲ.
ಕೊನೆಗೆ ಒಸ್ವಾಲ್ಡೊ ಎದ್ದು ಮುಚ್ಚಿದ.
ಬಿಳಿ ಚೌಕಟ್ಟಿನ ಮೇಲೆ ಅವನ ನಾಲ್ಕು ಬೆರಳು ಉಳಿದವು.

ಬದುಕಿನ ಅತಿ ದುಂಡನೆಯ ಅಕ್ಷರದಲ್ಲಿ ಬರೆದೆ:
'ಏಳು ನಲವತ್ತು. ಅಧಿಕಾರಿಗಳ ಕೋರಿಕೆಯಂತೆ
ಕಿಟಕಿ ಮುಚ್ಚಲಾಯಿತು.'

ಸಹಿಗೆ ಒಯ್ದಾಗ ಆ ಸಾಲಿನ ಮೇಲೆ ಪೆನ್ನು ನಿಂತಿತು.
'ಇದು ಬೇಕೇ?' ಮೆಲ್ಲಗೆ ಕೇಳಿದರು.
ಎರ್ಮಿಂಡಾ ಅಜ್ಜಿಗೆ ಕಿವಿ ಮಂದ:
'ಏನಂತೆ? ಗಟ್ಟಿಯಾಗಿ ಓದೇ ಮಗಳೇ.'
ಓದಿದೆ.
'ಇನ್ನೊಮ್ಮೆ.'
ಓದಿದೆ.

ಹಿಂದಿನ ಬೆಂಚಿನಿಂದ, ನೆಲ ನೋಡುತ್ತಲೇ, ಒಸ್ವಾಲ್ಡೊ:
'ಮುಚ್ಚಿದವನ ಹೆಸರು ಬಿಟ್ಟಿದ್ದೀಯ.
ಬರಿ.'