ಆರು ಮೀಟರ್ ಜೌಗು

ಈ ಕಟ್ಟಡದ ಬೀಗದಕೈಗಳು ನನ್ನ ಸೊಂಟದಲ್ಲಿವೆ, ಒಟ್ಟು ಅರವತ್ತೊಂದು.
ಯಾವ ಬಾಗಿಲ ಹಿಂದೆ ಯಾರು
ಎಷ್ಟು ಹೊತ್ತಿನ ತನಕ ದೀಪ ಉರಿಸುತ್ತಾರೆ, ಬಲ್ಲೆ.
ಯಾಕೆ ಅಂತ ಕೇಳಿದರೆ
ಆ ಕೈ ನನ್ನ ಗೊಂಚಲಿನಲ್ಲಿಲ್ಲ.

ತಾರ್ತುವಿನಲ್ಲಿ ಫೆಬ್ರವರಿ ಅಂದರೆ
ಬೂಟಿಗಂಟಿದ ಉಪ್ಪು, ಐದಕ್ಕೇ ಆರುವ ಬೆಳಕು.
ಆಂದೆರ್ ಬಂದ, ಇಬ್ಬರನ್ನು ಕಟ್ಟಿಕೊಂಡು, ಜೌಗಿನಿಂದ,
ಕೊಳವೆ ತುಂಬ ಕಪ್ಪುಮಣ್ಣು ಹೊತ್ತು,
ಹೆಣಕ್ಕೆ ಹೆಗಲು ಕೊಟ್ಟವರ ಹಾಗೆ ಮೆಲ್ಲಗೆ ಭುಜ ಬದಲಿಸುತ್ತ.
ನಾನು ಆಗಷ್ಟೇ ಒರೆಸಿದ ನೆಲ.

ಆರು ಮೀಟರ್. ವರ್ಷಕ್ಕೊಂದು ಮಿಲಿಮೀಟರ್
ಎಂದಳು ಪ್ರೊಫೆಸರ್ ಊರ್ವೆ:
ಪಾಚಿ ಸತ್ತು ಪಾಚಿಯ ಮೇಲೆ ಮಲಗಿ
ಕೊಳೆಯುವುದನ್ನು ಮರೆತದ್ದು.
ನಮ್ಮ ನಾಡಿನಲ್ಲಿ ಅಗೆಯಲು ಬೆಟ್ಟವಿಲ್ಲ,
ಜೌಗು ಅಗೆದರೆ ಇಲಿಯೂ ಸಿಗದು ಎಂದೆ.
ಪರಾಗ ಸಿಗುತ್ತದೆ, ಎಂದ ಆಂದೆರ್, ನಗದೆ.
ಮೊದಲ ಸಲ ಇಲ್ಲಿ ರೈ ಬಿತ್ತಿದವರ ಗುರುತು.

ಗುರುವಾರ ಸಂಜೆ ನೆಲಮಾಳಿಗೆಯಲ್ಲಿ ಚಹಾ, ಮಾತು.
ಅರ್ಥಶಾಸ್ತ್ರದ ಪ್ರೀದಿಕ್: ಉಪಯೋಗ ತೋರಿಸದೆ ಹಣ ಬರದು.
ಊರ್ವೆ: ಮೂವತ್ತು ವರ್ಷ ನಾನು ಕಲಿಸಿದ್ದು ಕಾಯುವುದನ್ನು,
ಅದಕ್ಕೆ ಪರೀಕ್ಷೆ ಇಡಲು ಬರುವುದಿಲ್ಲ.
ಪೀಟ್ ಗಣಿಯಲ್ಲಿ ದುಡಿದ ಎಲ್ಮಾರ್ ಒಮ್ಮೆ ಬಂದಿದ್ದ,
ಟೊಪ್ಪಿಯನ್ನು ಮೊಣಕಾಲ ಮೇಲಿಟ್ಟು ಕೂತ.
‘ಒಂದು ಬೇಸಿಗೆಗೆ ನೂರು ವರ್ಷ
ಲಾರಿಗೆ ತುಂಬುತ್ತಿದ್ದೆವು’ ಎಂದ.
‘ಸಂಬಳ ಸರಿಯಾಗಿ ಬರುತ್ತಿತ್ತು.’
ಬಿಸ್ಕತ್ತು ಯಾರೂ ಮುಟ್ಟಲಿಲ್ಲ.

ಏಪ್ರಿಲಿನಲ್ಲಿ ಪತ್ರ. ಅನುದಾನ ಇಲ್ಲ.
ಆಂದೆರನ ಹೆಸರಿನಲ್ಲೂ ಒಂದಕ್ಷರ ತಪ್ಪು.
ಮೂರು ದಿನ ಕಾಣಲಿಲ್ಲ, ನಾಲ್ಕನೆಯ ದಿನ ಬಂದು
ಕೊಳವೆಗಳ ಧೂಳು ಒರೆಸತೊಡಗಿದ.
ಅದು ನನ್ನ ಕೆಲಸ ಅಂದೆ.
ಕೇಳಿಸಲಿಲ್ಲ, ಅಥವಾ ಕೇಳಿಸಿತು.

ಅಚ್ಚುಕಲೆಯ ಮೆರಿಲೀಸ್ ಒಂದು ಹಿಡಿ ಕೇಳಿ ಪಡೆದಳು,
ಎಣ್ಣೆಯಲ್ಲಿ ಅರೆದು ಶಾಯಿ ಮಾಡಿ
ಆರು ಮೀಟರ್ ಕಾಗದದ ಮೇಲೆ ಪದರ ಪದರ ಒತ್ತಿದಳು,
ಅಳತೆಗೆ ಅಳತೆ, ಒಂದು ಕೂದಲೆಳೆ ತಪ್ಪದೆ.
ಮಹಡಿಯ ಚಾವಣಿಯಿಂದ ಮೆಟ್ಟಿಲ ನಡುವಿನ ಬಾವಿಗೆ ಇಳಿಬಿಟ್ಟಳು.
ಮೇಲ್ತುದಿ ಈ ಹೊತ್ತು. ಕೆಳತುದಿ ನನ್ನ ಬಕೆಟ್ಟಿನ ಪಕ್ಕ.
ಇದು ಕಲೆಯೋ ವಿಜ್ಞಾನವೋ ಅಂತ ಎರಡು ಗುರುವಾರ ಜಗಳ.
ಅಷ್ಟರಲ್ಲಿ ಬೆಂಕಿ ಇಲಾಖೆಯ ನಿಯಮ:
ಮೆಟ್ಟಿಲ ದಾರಿಯಲ್ಲಿ ಕಾಗದ ತೂಗಕೂಡದು.

ತೆಗೆಯುವುದು ನನ್ನ ಪಾಲಿಗೆ. ಏಣಿ ತಂದೆ.

ಹತ್ತಿ ನೋಡಿದರೆ, ಚಾವಣಿಗೆ ತಾಗಿ
ಒಂದು ಬೆರಳುದ್ದದಲ್ಲಿ ನಾನು ಮುಗಿದಿದ್ದೆ,
ಮದುವೆ, ಎರಡು ಹೆರಿಗೆ, ಅರವತ್ತೊಂದು ಬೀಗ, ಎಲ್ಲ ಸೇರಿ.
ಒಂದು ಉಗುರಿನಷ್ಟು ಕೆಳಗೆ
ಅಮ್ಮನನ್ನು ದನದ ಡಬ್ಬಿಗೆ ಹತ್ತಿಸಿ ಪೂರ್ವಕ್ಕೆ ಕಳಿಸಿದ
ನಲವತ್ತೊಂಬತ್ತರ ಮಾರ್ಚ್.
ಹುಡುಕಿದೆ. ಮೇಲಿನದೂ ಕಂದು, ಕೆಳಗಿನದೂ ಕಂದು.
ಪಾಚಿ ಆ ವರ್ಷವೂ ಬೆಳೆದಿತ್ತು,
ತನ್ನ ಪಾಲಿನ ಒಂದು ಮಿಲಿಮೀಟರ್.

ಸುಟ್ಟ ಬಲ್ಬುಗಳ ಲೆಕ್ಕ ಬರೆಯುವ ಪೆನ್ಸಿಲು ಜೇಬಿನಲ್ಲಿತ್ತು.
ಗೆರೆ ಎಳೆದೆ.

‘ತೆಗೆಯುತ್ತೀಯಾ?’ ಎಂದಳು ಊರ್ವೆ, ಕೆಳಗೆ ನಿಂತು.
‘ಏಣಿ ಹಿಡಿ’ ಎಂದೆ.
ಆಮೇಲೆ ನಾನು ಹಿಡಿದೆ, ಅವಳು ಹತ್ತಿದಳು,
ಕೆಟ್ಟ ಮಂಡಿಯನ್ನು ಬೈಯುತ್ತ, ಮೆಟ್ಟಿಲಿಗೊಂದು ಬೈಗುಳ.
ಅವಳಣ್ಣ ಬದುಕಿದ್ದು ಮೂರೇ ಮಿಲಿಮೀಟರ್ ಅಂತೆ.
ವಾರದೊಳಗೆ ಸಾಲು ನಿಂತಿತು.
ಪ್ರೀದಿಕನ ಪೆನ್ಸಿಲು ಮೊಂಡು, ಒಂದೇ ಗೆರೆಗೆ
ಎರಡು ವರ್ಷ ಮುಳುಗಿಸಿದ.
ಆಂದೆರ್ ಮಾತ್ರ ಹತ್ತಲಿಲ್ಲ. ಕೆಳಗೆ, ಮೊಣಕಾಲೂರಿ,
ಯಾರೂ ಹುಟ್ಟದ ಕಡೆ ಏನನ್ನೋ ಎಣಿಸುತ್ತಿದ್ದ.

ತನಿಖೆಯವರು ಜೂನಿನಲ್ಲಿ ಬರುತ್ತಾರೆ.
ಅಲ್ಲಿಯವರೆಗೆ ದಿನಾ ಬೆಳಿಗ್ಗೆ
ಆ ಅಂಚಿನ ಸುತ್ತ ಒದ್ದೆಬಟ್ಟೆ ಎಳೆಯುತ್ತೇನೆ.
ಎಷ್ಟು ಹುಷಾರಾಗಿದ್ದರೂ ತುಸು ತಾಗುತ್ತದೆ.
ಬಕೆಟ್ಟಿನ ನೀರು ಕಂದು.
ಹೊರಗೆ ಚೆಲ್ಲುವ ಮುಂಚೆ
ಒಂದು ಗಳಿಗೆ ನಿಲ್ಲುತ್ತೇನೆ.