ಕೊಬ್ಬು

ಹಾಸನದ ಎಪಿಎಂಸಿಯಲ್ಲಿ ಆಲೂಗಡ್ಡೆ ಸೀಸನ್ನು.
ಬೆಳಗಿಂದ ನೂರಾ ಹನ್ನೆರಡು ಮೂಟೆ
ಈ ಬೆನ್ನೇರಿ ಲಾರಿ ಹತ್ತಿವೆ.
ನಾನು ಮಾತ್ರ ಅರವತ್ತೊಂದು ದಿನದಿಂದ
ಒಂದು ಗಡ್ಡೆ ಬಾಯಿಗಿಟ್ಟಿಲ್ಲ.

ನಗಬೇಡಿ.
ಸಂತೇಪೇಟೆಯ ಟೈರ್ ಅಂಗಡಿ ಮೇಲೆ
ನಯಾಜ್ ಮಾಸ್ಟರ ಗರಡಿ. ಅವರು ಜಿಮ್ ಅಂತಾರೆ,
ನಾನು ಗರಡಿ ಅಂತೀನಿ, ಈಗ ತಿದ್ದುವುದು ಬಿಟ್ಟಿದ್ದಾರೆ.
ಮೊದಲ ದಿನ, ಎತ್ತಿನ ಸುಳಿ ನೋಡುವ ದಲ್ಲಾಳಿಯಂತೆ
ನನ್ನ ಸುತ್ತ ಒಂದು ಸುತ್ತು ಬಂದು,
‘ಎತ್ತೋದು ನಿಂಗೆ ಯಾರೂ ಹೇಳಿಕೊಡಬೇಕಿಲ್ಲ ದ್ಯಾವಣ್ಣ,
ತಿನ್ನೋದು ಹೇಳಿಕೊಡ್ತೀನಿ’ ಅಂದರು.
ಅನ್ನ ಬಿಡು. ಮುದ್ದೆ ಬಿಡು. ಟೀಗೆ ಸಕ್ಕರೆ ಬಿಡು.
ಮೊಟ್ಟೆ ತಿನ್ನು, ಹಳದಿ ಸಮೇತ.
ಕೊಬ್ಬು ತಿನ್ನು.

ಕೊಬ್ಬು!
ಆ ಮಾತು ನನಗೆ ಹೊಸದಲ್ಲ.
ಮೂಟೆಗೆ ಒಂದು ರೂಪಾಯಿ ಜಾಸ್ತಿ ಕೇಳಿದ ವರ್ಷ
ಮಂಡಿ ಯಜಮಾನರು ಗಲ್ಲಾಪೆಟ್ಟಿಗೆ ಹಿಂದಿಂದಲೇ ಅಂದಿದ್ದರು:
‘ಕೊಬ್ಬು ಕಣ್ಲಾ ನಿಂಗೆ.’
ಮೈಮೇಲೆ ಹಿಡಿ ಮಾಂಸ ಇರದ ದಿನಗಳು ಅವು.
ಮನೆಗೆ ಬಂದು ಅಂಗಿ ಬಿಚ್ಚಿ ಹುಡುಕಿದ್ದೆ,
ಪಕ್ಕೆಲುಬಿನ ಸಂದಿಯಲ್ಲೆಲ್ಲಾದರೂ ಇದೆಯೇನೋ ಅಂತ.

ಮುದ್ದೆ ಬಿಟ್ಟ ಸುದ್ದಿಗೆ ಅವ್ವ ಎರಡು ದಿನ ಮಾತು ಬಿಟ್ಟಳು.
ಮೂರನೆಯ ದಿನ ಕೋಲು ತಿರುವುತ್ತ, ಒಲೆಗೆ ಹೇಳುವಂತೆ:
‘ಹಿಟ್ಟು ತಿಂದವ ಬೆಟ್ಟ ಕಿತ್ತ ಅಂತಾರೆ.
ಮೊಟ್ಟೆ ತಿಂದವ ಏನು ಕಿತ್ತನೋ ನಾ ಕೇಳಿಲ್ಲ.’

ಹತ್ತನೆಯ ದಿನ ಅವಳ ಮಾತೇ ನಿಜವಾಯಿತು.
ತಲೆ ಸಿಡಿತ. ಬಾಯಲ್ಲಿ ತಾಮ್ರದ ಕಾಸು ಚೀಪಿದ ರುಚಿ.
ಲಾರಿ ಹಲಗೆಯ ಮೂರನೇ ಹೆಜ್ಜೆಗೆ
ಮಂಡಿಯ ನಡುವೆ ನನ್ನ ಮಂಡಿ ಮಡಿಚಿ,
ಗೋಣಿ ಬಿರಿದು, ಗಡ್ಡೆಗಳು ಚರಂಡಿಯವರೆಗೆ ಓಡಿದವು.
ಬಗ್ಗಿ ಒಂದೊಂದೇ ಆಯುವಾಗ
ಕೆಂಡದಲ್ಲಿ ಸುಟ್ಟ ಆಲೂಗಡ್ಡೆ, ಉಪ್ಪು, ಹಸಿಮೆಣಸಿನಕಾಯಿ...
ಬೇಡ, ಆ ಮಾತು ಬೇಡ.

ಮಾಸ್ಟರು ಉಪ್ಪುನೀರು ಕುಡಿಸಿದರು.
‘ಒಳಗೆ ಒಲೆ ಬದಲಾಗ್ತಾ ಇದೆ. ಹಳೇದು ಆರೋ ತನಕ
ಮನೆ ತುಂಬ ಹೊಗೆ ಇರ್ತದೆ’ ಅಂದರು.
ನಂಬಿದೆನೋ ಇಲ್ಲವೋ, ಕುಡಿದೆ.

ತುಪ್ಪ ತಿನ್ನುವಷ್ಟು ಕೂಲಿ ನನ್ನದಲ್ಲ.
ಭಾನುವಾರ ಮಧ್ಯಾಹ್ನ, ಗಿರಾಕಿ ಚದುರಿದ ಮೇಲೆ
ಇಲ್ಯಾಸನ ಮಟನ್ ಅಂಗಡಿಗೆ ಹೋಗುತ್ತೇನೆ.
ಕಾರಿನಲ್ಲಿ ಬಂದವರೆಲ್ಲ ‘ಕೊಬ್ಬು ತೆಗೆದುಕೊಡಿ’ ಅಂದಿರುತ್ತಾರಲ್ಲ,
ಕೊರಡಿನ ಪಕ್ಕ ಬಿಳಿ ಗುಡ್ಡೆ ಬಿದ್ದಿರುತ್ತದೆ.
ಪೇಪರಿನಲ್ಲಿ ಸುತ್ತಿ ಕೊಡುತ್ತಾನೆ. ನಲವತ್ತು ರೂಪಾಯಿ.
ಅವರು ಬೇಡವೆಂದದ್ದು ನನ್ನ ಬಾಣಲೆಯಲ್ಲಿ ಕರಗಿ ಸಿಡಿಯುವಾಗ
ಮಗಳು ಒಳಮನೆಯಿಂದ ಕೂಗುತ್ತಾಳೆ:
‘ಅಪ್ಪ, ಮಳೆ! ಬಟ್ಟೆ ತೆಗಿ!’
ಇನ್ನು ಅರಸೀಕೆರೆಯ ಭಾವ ಕಳಿಸುವ ಕೊಬ್ಬರಿ,
ಹರಾಜಿಗೆ ನಿಲ್ಲದ ಒಡಕು ಬಟ್ಟಲು. ಜೇಬಿನಲ್ಲೇ ಇರುತ್ತದೆ.

ಸಂಜೆ ಏಳಕ್ಕೆ ಕಬ್ಬಿಣ.
ನೂರ ಎಪ್ಪತ್ತು ಕೆಜಿ. ಎತ್ತುವುದು, ನಿಲ್ಲುವುದು, ಇಳಿಸುವುದು.
ಮೊದಮೊದಲು ಎತ್ತಿ ನಿಂತು ಸುತ್ತ ನೋಡುತ್ತಿದ್ದೆ:
ಯಾವ ಲಾರಿ? ಯಾರ ಮಾಲು?
ಯಾರದೂ ಅಲ್ಲ. ಎಲ್ಲಿಗೂ ಇಲ್ಲ.
ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಒಂದು ಭಾರ
ಎತ್ತಿದ ಜಾಗದಲ್ಲೇ ಇಳಿದು
ನನ್ನನ್ನೇ ನೋಡುತ್ತ ಕೂತಿತ್ತು.

ಮೊನ್ನೆ ಹಮಾಲರ ಪರವಾಗಿ ಮತ್ತೆ ಕೂಲಿ ಕೇಳಲು ಹೋದೆ.
ಯಜಮಾನರು ಲೆಕ್ಕದ ಪುಸ್ತಕದಿಂದ ಕತ್ತೆತ್ತಿ
‘ಕೊಬ್ಬು...’ ಅಂದರು.
‘ಹೂಂ ಸ್ವಾಮಿ’ ಅಂದೆ,
‘ದಿನಕ್ಕೆ ನೂರೈವತ್ತು ಗ್ರಾಂ.’

ರೂಪಾಯಿ ಏರಿಸಲಿಲ್ಲ. ಎಂಟಾಣೆಗೆ ನಿಂತಿದೆ ಮಾತು.

ಮನೆಗೆ ಬಂದಾಗ ಅವ್ವ ಮಡಕೆ ತಳದ ಸೀಕು ಕೆರೆಯುತ್ತಿದ್ದಳು.
ನಾನು ಕೇಳಲಿಲ್ಲ. ಅವಳು ಕೊಡಲಿಲ್ಲ.
ಪಕ್ಕದಲ್ಲೇ ಕೂತು
ಆ ಸದ್ದು ನಂಚಿಕೊಂಡು ನಾಲ್ಕು ಮೊಟ್ಟೆ ತಿಂದೆ.